ಸಿಕ್ಕ ತಪ್ಪು, ಉಳಿದ ತಪ್ಪು

ಈ ಸಂಚಿಕೆಗೆ ಛಂದಸ್ಸನ್ನು ಕುರಿತೋ ಹಳಗನ್ನಡ ಕಾವ್ಯವನ್ನು ಕುರಿತೋ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನಗೆ ಅಪ್ಪಣೆ ಮಾಡಿದ್ದರು. ವರ್ಷವರ್ಷವೂ ನಾನು ಮಾಡುತ್ತ ಬಂದದ್ದು ಅದನ್ನೇ. ಈ ಸಲ ಮಾತ್ರ ಅವರ ಸಮ್ಮತಿಯನ್ನು ಬೇಡಿ ಪಡೆದು, ನನಗೆ ಅಧಿಕಾರವಿಲ್ಲದ ಒಂದು ವಿಷಯಕ್ಕೆ ಕೈಹಾಕಿದ್ದೇನೆ. ಗಣಿತಕ್ಕೂ ನನಗೂ ಬಾಲ್ಯದಿಂದಲೂ ಎಣ್ಣೆ-ಸೀಗೆಕಾಯಿಯ ಸಂಬಂಧ. ಪಾಠಶಾಲೆಯಲ್ಲಿ ಅಮರಕೋಶವನ್ನೂ ವ್ಯಾಕರಣಸೂತ್ರಗಳನ್ನೂ ಬಾಯಿಪಾಠ ಮಾಡಿ, ವಿದ್ವತ್ ಪರೀಕ್ಷೆಯನ್ನು ಮುಗಿಸಿ ಬಂದವನಿಗೆ ಅಂಗಡಿಯ ಲೆಕ್ಕದಿಂದಾಚೆಗೆ ಅಂಕೆಗಳ ಅವಶ್ಯಕತೆಯೇ ಬಿದ್ದಿರಲಿಲ್ಲ. ಐವತ್ತು ದಾಟಿದ ಮೇಲೆ ಅವಶ್ಯಕತೆ ಬಿದ್ದಿತು. ಅದು ಹೇಗೆ ಬಿದ್ದಿತೆಂಬುದನ್ನು ಮೊದಲು ನಿವೇದಿಸಿಕೊಳ್ಳುತ್ತೇನೆ. ಅದರಲ್ಲಿ ನನ್ನ ತಪ್ಪೊಪ್ಪಿಗೆಯೂ ಸೇರಿದೆ.

ಸ್ಮರಣ ಸಂಚಿಕೆಯ ಕರಡಚ್ಚನ್ನು ತಿದ್ದುವ ಕೆಲಸ ಬಹುಕಾಲದಿಂದ ನನ್ನದೇ. ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ, ಲೋಪವಾದ ಅನುಸ್ವಾರ, ಸ್ಥಾನ ತಪ್ಪಿದ ಒತ್ತಕ್ಷರ, ಇವುಗಳಲ್ಲಿ ಒಂದೂ ನನ್ನ ಕಣ್ಣಿಗೆ ಬೀಳದೆ ಹೋಗದೆಂಬ ಒಂದು ಅಭಿಮಾನ ನನ್ನಲ್ಲಿ ಬೇರೂರಿತ್ತು. ಕಳೆದ ವರ್ಷದ ಸಂಚಿಕೆ 160 ಪುಟಗಳದು. ಅದರಲ್ಲಿ 216 ತಪ್ಪುಗಳನ್ನು ಕೆಂಪು ಮಸಿಯಲ್ಲಿ ಗುರುತಿಸಿ, ತಿದ್ದಿದ ಹಾಳೆಗಳನ್ನು ಮುದ್ರಣಾಲಯಕ್ಕೆ ಕಳುಹಿಸುವಾಗ, ‘ಇನ್ನೇನು ಉಳಿದಿರಲು ಸಾಧ್ಯ?’ ಎಂದು ಸಹೋದ್ಯೋಗಿಗಳ ಮುಂದೆ ಹೆಮ್ಮೆಯಿಂದ ನುಡಿದದ್ದು ನೆನಪಿದೆ.

ಉಳಿದಿತ್ತು. ದಾನಿಗಳ ಪಟ್ಟಿಯಲ್ಲಿ ಮೇಲಿನ ಸಾಲಿನ ಹೆಸರಿಗೆ ಸೇರಬೇಕಾಗಿದ್ದ ‘ಲಿಂ.’ ಎಂಬ ಸಂಕ್ಷೇಪಾಕ್ಷರ ಒಂದು ಸಾಲು ಕೆಳಗಿಳಿದು, ಪ್ರತಿವರ್ಷವೂ ದಾಸೋಹ ನಿಧಿಗೆ ತಪ್ಪದೆ ಕಾಣಿಕೆ ಸಲ್ಲಿಸುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಹೆಸರಿನ ಹಿಂದೆ ಕುಳಿತುಬಿಟ್ಟಿತು. ಎಂಬತ್ತರ ಅಂಚಿನಲ್ಲಿರುವ ಆ ಹಿರಿಯರು ಸಂಚಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಒಂದು ಸೋಮವಾರ ಶಾಲೆಗೆ ಬಂದರು. “ಏನ್ರೀ ಪಂಡಿತರ, ನನ್ನನ್ನ ಲಿಂಗೈಕ್ಯ ಮಾಡೀರಲ್ಲ; ಇವತ್ತಿನ ಪ್ರಸಾದಕ್ಕ ನನಗೊಂದು ಎಲಿ ಹಾಕಸ್ತೀರೋ ಇಲ್ಲೋ?” ಎಂದು ನಕ್ಕರು. ನಾನೂ ನಗಲು ಯತ್ನಿಸಿದೆ. ಎಲೆಯ ಮುಂದೆ ಕುಳಿತ ಮೇಲೆ ತಗ್ಗಿದ ದನಿಯಲ್ಲಿ, “ನಮ್ಮ ಮನಿಯಾಕಿ ಅದನ್ನ ನೋಡಿ ಎರಡು ದಿವಸ ಊಟ ಬಿಟ್ಟಿದ್ದಳ್ರೀ” ಎಂದರು. ಆ ದಿನ ಪ್ರಸಾದ ನನ್ನ ಗಂಟಲಿನಲ್ಲಿ ಇಳಿಯಲಿಲ್ಲ. ಹಂಚದೆ ಉಳಿದಿದ್ದ ಪ್ರತಿಗಳಲ್ಲಿ ಆ ಒಂದಕ್ಷರದ ಮೇಲೆ ಬಿಳಿಯ ಕಾಗದದ ಚೂರನ್ನು ಅಂಟಿಸುತ್ತ ಎರಡು ಸಂಜೆ ಕುಳಿತೆ. ಹಂಚಿಹೋದ ಪ್ರತಿಗಳಿಗೆ ಮಾಡುವುದೇನು?

ಅಂಟಿಸುವ ಕೆಲಸದಲ್ಲಿ ನನಗೆ ನೆರವಾದವರು, ಒಂದು ಕಾಲದಲ್ಲಿ ನನ್ನ ಶಿಷ್ಯರಾಗಿದ್ದು ಈಗ ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರವನ್ನು ಬೋಧಿಸುತ್ತಿರುವ ತರುಣ ಉಪನ್ಯಾಸಕರು. “216 ತಪ್ಪು ಹಿಡಿದವನಿಗೆ ಇದೊಂದು ಕಾಣಿಸಲಿಲ್ಲವಲ್ಲಪ್ಪಾ” ಎಂದು ನಾನು ಹಲುಬಿದಾಗ ಅವರು ಅಂಟಿನ ಬಟ್ಟಲನ್ನು ಕೆಳಗಿಟ್ಟು, “ಗುರುಗಳೇ, 216 ಸಿಕ್ಕವೆಂಬುದೇ ಭಯಪಡಬೇಕಾದ ಸಂಗತಿಯಾಗಿತ್ತು” ಎಂದರು. ಶಿಷ್ಯನ ಈ ಮಾತು ನನಗೆ ಸ್ವಲ್ಪ ಖಾರವಾಗಿಯೇ ಹತ್ತಿತು. ಹಾಗೆಂದರೇನೆಂದು ಕೇಳಿದೆ. ಉತ್ತರವು ನನ್ನ ತಲೆಗೆ ಹೋಗಬೇಕಾದರೆ ಒಂದು ಬೇಸಿಗೆಯ ರಜೆಯೇ ಬೇಕಾಯಿತು.

ಅವರು ಹೇಳಿದ ಮೊದಲ ಹೆಸರು ‘ಪಾಯ್ಸನ್’ ಎಂದು ನನ್ನ ಕಿವಿಗೆ ಬಿದ್ದು, ತಪ್ಪುಗಳಿಗೂ ವಿಷಕ್ಕೂ ಏನು ನಂಟೆಂದು ನಾನು ಬೆರಗಾದೆ. ಅದು ಸಿಮಿಯೋನ್ ಡೆನಿ ಪ್ವಾಸೋನ್ ಎಂಬ ಫ್ರೆಂಚ್ ಗಣಿತಜ್ಞನ ಹೆಸರು. ಅವನ ಕಾಲ 1781ರಿಂದ 1840. ಆ ಭಾಷೆಯಲ್ಲಿ ಪ್ವಾಸೋನ್ ಎಂದರೆ ಮೀನು. ಶಬ್ದಾರ್ಥದ ಚಪಲವುಳ್ಳವನಾದ್ದರಿಂದ ಇದನ್ನು ಹೇಳದೆ ಮುಂದೆ ಹೋಗಲಾರೆ. ನ್ಯಾಯಾಲಯದ ತೀರ್ಪುಗಳಲ್ಲಿ ಸಂಭವನೀಯತೆಯನ್ನು ಕುರಿತು ಅವನು 1837ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅವಕಾಶಗಳು ಬಹಳ, ಪ್ರತಿಯೊಂದು ಅವಕಾಶದಲ್ಲಿಯೂ ಘಟನೆ ನಡೆಯುವ ಸಂಭವ ಅತ್ಯಲ್ಪ ಎಂಬಂಥ ಸಂದರ್ಭಗಳಿಗೆ ಸಲ್ಲುವ ಸೂತ್ರವಿದೆ. ಒಂದು ಪುಟದಲ್ಲಿ ಸಾವಿರಕ್ಕೆ ಮೇಲ್ಪಟ್ಟು ಅಕ್ಷರಗಳು. ಒಂದೊಂದೂ ತಪ್ಪುವ ಸಂಭವ ಎಳ್ಳಷ್ಟು. ಆದರೂ ಪುಟಕ್ಕೆ ಒಂದೋ ಎರಡೋ ತಪ್ಪು ಇದ್ದೇ ಇರುತ್ತದೆ. ಸೂತ್ರಕ್ಕೆ ಬೇಕಾದದ್ದು ಸರಾಸರಿಯೊಂದೇ. ಪುಟದಲ್ಲಿ ತಪ್ಪೇ ಇಲ್ಲದಿರುವ ಸಂಭವ ತಿಳಿಯಬೇಕೆ? 2.718 ಎಂಬ ಸಂಖ್ಯೆಯನ್ನು ಸರಾಸರಿಯಷ್ಟು ಘಾತಕ್ಕೇರಿಸಿ ಅದರಿಂದ 1ನ್ನು ಭಾಗಿಸಬೇಕು. ಬಂದದ್ದನ್ನು ಸರಾಸರಿಯಿಂದ ಗುಣಿಸಿದರೆ ಒಂದು ತಪ್ಪಿನ ಸಂಭವ. ಅದನ್ನು ಮತ್ತೆ ಸರಾಸರಿಯಿಂದ ಗುಣಿಸಿ 2ರಿಂದ ಭಾಗಿಸಿದರೆ ಎರಡರದು. ಮತ್ತೆ ಗುಣಿಸಿ 3ರಿಂದ ಭಾಗಿಸಿದರೆ ಮೂರರದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ.

ಕಾಗದದ ಮೇಲಿನ ಈ ಲೆಕ್ಕ ಲೋಕದಲ್ಲಿ ನಡೆಯುತ್ತದೆಯೇ ಎಂದು ನಾನು ಶಂಕಿಸಿದ್ದಕ್ಕೆ ಅವರು ಕೊಟ್ಟ ಉದಾಹರಣೆ ಬಹು ಪ್ರಸಿದ್ಧವಾದದ್ದಂತೆ. ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ ಬರ್ಲಿನ್ನಿನಲ್ಲಿ ಪಾಠ ಹೇಳಿದ ಬೋರ್ಟ್‌ಕಿಯೆವಿಚ್ ಎಂಬ ವಿದ್ವಾಂಸನು 1898ರಲ್ಲಿ, ಪ್ರಷ್ಯದ ಸೈನ್ಯದಲ್ಲಿ ಕುದುರೆಯ ಒದೆತದಿಂದ ಸತ್ತವರ ಲೆಕ್ಕವನ್ನು ಪ್ರಕಟಿಸಿದನು. ಅವುಗಳಲ್ಲಿ ಹತ್ತು ಸೇನಾದಳಗಳ ಇಪ್ಪತ್ತು ವರ್ಷಗಳನ್ನು ಹಿಡಿದರೆ 200 ವಾರ್ಷಿಕ ವರದಿಗಳು, 122 ಸಾವುಗಳು, ಸರಾಸರಿ 0.61. ಸಾವಿಲ್ಲದ ವರದಿಗಳು 109, ಒಂದು ಸಾವಿನವು 65, ಎರಡರವು 22, ಮೂರರವು 3, ನಾಲ್ಕರದು 1. ಸೂತ್ರ ಹೇಳುವುದು ಮೊದಲ ಮೂರಕ್ಕೆ ಕ್ರಮವಾಗಿ 108.7, 66.3, 20.2. ಕುದುರೆಗೆ ಪ್ವಾಸೋನ್ ಯಾರೆಂದು ತಿಳಿದಿರಲಿಲ್ಲ. ಆದರೂ ಒದ್ದದ್ದು ಅವನ ಸೂತ್ರದಂತೆಯೇ.

ಎರಡನೆಯದು ದ್ವಿಪದ ವಿತರಣೆ. ಇದನ್ನು ಅವರು ಬಿಡಿಸತೊಡಗಿದಾಗ ಮಾತ್ರ ನಾನು ಅವರ ಕೈಯಿಂದ ಸೀಮೆಸುಣ್ಣವನ್ನು ತೆಗೆದುಕೊಂಡೆ. ಏಕೆಂದರೆ ಕರಿಹಲಗೆಯ ಮೇಲೆ ಮೂಡುತ್ತಿದ್ದದ್ದು ನಮ್ಮ ಪ್ರಸ್ತಾರವೇ ಆಗಿತ್ತು. ಮೂರು ಅಕ್ಷರಗಳಲ್ಲಿ ಗುರುಲಘುಗಳನ್ನು ಇರಿಸುವ ಬಗೆಗಳು ಎಂಟು: ಎಲ್ಲವೂ ಗುರುವಾದ ಮಗಣ ಒಂದು, ಒಂದೇ ಲಘುವುಳ್ಳ ಯಗಣ, ರಗಣ, ತಗಣಗಳು ಮೂರು, ಒಂದೇ ಗುರುವುಳ್ಳ ಭಗಣ, ಜಗಣ, ಸಗಣಗಳು ಮೂರು, ಎಲ್ಲವೂ ಲಘುವಾದ ನಗಣ ಒಂದು. 1, 3, 3, 1. ನಾಲ್ಕು ಅಕ್ಷರಗಳಾದರೆ 1, 4, 6, 4, 1. ಪಿಂಗಳನ ಛಂದಸ್ಸೂತ್ರಕ್ಕೆ ಹತ್ತನೆಯ ಶತಮಾನದಲ್ಲಿ ಟೀಕೆಯನ್ನು ಬರೆದ ಹಲಾಯುಧನು ಈ ಸಂಖ್ಯೆಗಳನ್ನೇ ಮೇರುಪ್ರಸ್ತಾರವಾಗಿ ಜೋಡಿಸಿ ತೋರಿಸಿದ್ದಾನೆ. ಸಿಕ್ಕ ತಪ್ಪು ಗುರು, ತಪ್ಪಿಸಿಕೊಂಡ ತಪ್ಪು ಲಘು ಎಂದಿಟ್ಟುಕೊಂಡರೆ ಸಾಕು. ಕರಡು ತಿದ್ದುವವನು ಮೂರು ತಪ್ಪುಗಳಲ್ಲಿ ಎರಡನ್ನು ಹಿಡಿಯಬಲ್ಲವನಾದರೆ, ಪುಟದಲ್ಲಿರುವ ಮೂರು ತಪ್ಪುಗಳೂ ಸಿಕ್ಕುವ ಸಂಭವ 27ರಲ್ಲಿ 8. ಎರಡು ಸಿಕ್ಕುವುದು 27ರಲ್ಲಿ 12. ಒಂದು ಸಿಕ್ಕುವುದು 27ರಲ್ಲಿ 6. ಒಂದೂ ಸಿಕ್ಕದಿರುವುದು 27ರಲ್ಲಿ 1. ಗುರುಲಘುಗಳಿಗೆ ಸಮತೂಕವಿಲ್ಲದ ಮೇರು, ಅಷ್ಟೆ. ಮೂವತ್ತು ವರ್ಷಗಳಿಂದ ಷಟ್ಪ್ರತ್ಯಯಗಳನ್ನು ಬಾಯಲ್ಲಿಟ್ಟುಕೊಂಡಿದ್ದ ನನಗೆ ಅವು ಇಂಥ ಕೆಲಸಕ್ಕೂ ಬರುತ್ತವೆಂದು ಹೊಳೆದಿರಲಿಲ್ಲವಲ್ಲಾ ಎಂದು ನಾಚಿಕೆಯಾಯಿತು.

ಇವೆರಡೂ ಬೇರೆ ಬೇರೆಯಾಗಿ ಇರುವವರೆಗೆ ನಮ್ಮ ಮಕ್ಕಳು ಸಲೀಸಾಗಿ ಲೆಕ್ಕ ಮಾಡುತ್ತಾರಂತೆ. ಒಂದೇ ಪ್ರಶ್ನೆಯಲ್ಲಿ ಎರಡೂ ಕಲೆತುಬಂದಾಗ ದಿಕ್ಕು ತಪ್ಪುತ್ತಾರೆ. ಅದಕ್ಕೆ ಉಪನ್ಯಾಸಕರು ಹೇಳುವ ಉಪಾಯ ಇಷ್ಟೆ: ಮೊದಲೇ ಎಣಿಸಿ ಇಟ್ಟದ್ದು ಯಾವುದು, ಎಣಿಕೆಗೆ ಮೇರೆಯಿಲ್ಲದ್ದು ಯಾವುದು ಎಂದು ಕೇಳಿಕೊಳ್ಳಬೇಕು. ಹದಿನಾರು ಪುಟದ ಫಾರಂ ಎಂದಾಗ ಪುಟಗಳು ಹದಿನಾರೇ. ಅದು ದ್ವಿಪದದ ಸೀಮೆ. ಒಂದು ಪುಟದಲ್ಲಿ ತಪ್ಪು ಎಷ್ಟೆಂದಾಗ ಮೇಲ್ಮಿತಿಯಿಲ್ಲ; ಅದು ಪ್ವಾಸೋನನ ಸೀಮೆ. ಪುಟವು ನಿರ್ದೋಷವಾಗಿರುವ ಸಂಭವವನ್ನು ಪ್ವಾಸೋನನಿಂದ ಪಡೆದು, ಹದಿನಾರರಲ್ಲಿ ಎಷ್ಟು ಪುಟ ನಿರ್ದೋಷವೆಂಬುದನ್ನು ದ್ವಿಪದದಿಂದ ಪಡೆಯುವುದು ಒಂದು ಬಗೆಯ ಕೂಟ. ಇದು ಸುಲಭ, ಒಂದರ ಫಲವನ್ನು ಇನ್ನೊಂದರ ಬಾಯಿಗೆ ಇಡುವುದಷ್ಟೆ.

ಕಠಿನವಾದದ್ದೂ ನನ್ನ ಅಭಿಮಾನವನ್ನು ಮುರಿದದ್ದೂ ಇನ್ನೊಂದು ಬಗೆ. ಅಲ್ಲಿ ಹೊರಗಿನದು ಪ್ವಾಸೋನನದು, ಒಳಗಿನದು ದ್ವಿಪದ. ಪುಟದಲ್ಲಿ ತಪ್ಪು ಎಷ್ಟಿದೆಯೆಂಬುದು ತಿಳಿಯದು. ಇದ್ದವುಗಳಲ್ಲಿ ಕೆಲವು ಸಿಕ್ಕಿ ಕೆಲವು ಉಳಿಯುತ್ತವೆ. ಪುಟಕ್ಕೆ ಸರಾಸರಿ 3 ತಪ್ಪು, ಹಿಡಿಯುವ ಶಕ್ತಿ ಮೂರರಲ್ಲಿ ಎರಡು ಎಂದು ಇಟ್ಟುಕೊಳ್ಳೋಣ. ಒಂದು ಪುಟದಲ್ಲಿ ನನಗೆ 5 ಸಿಕ್ಕಿದವು. ಇನ್ನೆಷ್ಟು ಉಳಿದಿರಬಹುದು? ‘ಐದು ಸಿಕ್ಕಮೇಲೆ ಪುಟ ಸ್ವಚ್ಛವಾಯಿತು’ ಎಂದು ನನ್ನ ಮನಸ್ಸು ಹೇಳಿತು. ಲೆಕ್ಕ ಹಾಗೆ ಹೇಳುವುದಿಲ್ಲ. ಪುಟದಲ್ಲಿ ಐದರ ಬದಲು ಆರು ತಪ್ಪಿರಬೇಕಾದರೆ ಪ್ವಾಸೋನನ ಮೆಟ್ಟಿಲಿನಂತೆ 3ರಿಂದ ಗುಣಿಸಿ 6ರಿಂದ ಭಾಗಿಸಬೇಕು. ಆದರೆ ಆ ಆರರಲ್ಲಿ ತಪ್ಪಿಸಿಕೊಂಡದ್ದು ಯಾವುದೆಂಬುದಕ್ಕೆ ಮೇರುವಿನಲ್ಲಿ 6 ದಾರಿಗಳಿವೆ; ಅದು ತಪ್ಪಿಸಿಕೊಳ್ಳುವ ಸಂಭವ ಮೂರರಲ್ಲಿ ಒಂದು. ಕೆಳಗಿನ ಆರನ್ನು ಮೇಲಿನ ಆರು ನುಂಗುತ್ತದೆ, ಮೂರನ್ನು ಮೂರು ನುಂಗುತ್ತದೆ, ಉಳಿಯುವುದು 1. ಎಂದರೆ ಒಂದು ತಪ್ಪು ಉಳಿದಿರುವ ಸಂಭವವೂ ಏನೂ ಉಳಿಯದಿರುವ ಸಂಭವವೂ ಸಮ. ಮುಂದಿನ ಮೆಟ್ಟಿಲಿನಲ್ಲಿ ಅದರ ಅರ್ಧ, ಅದರ ಮುಂದೆ ಅರ್ಧದ ಮೂರನೆಯ ಒಂದು ಪಾಲು. ಇದು ಸರಾಸರಿ 1 ಇರುವ ಪ್ವಾಸೋನ್ ವಿತರಣೆಯೇ! ಐದರ ಬದಲು ಎರಡು ಸಿಕ್ಕಿದ್ದರೂ, ಏನೂ ಸಿಕ್ಕದಿದ್ದರೂ ಹೀಗೆಯೇ ನುಂಗಿ ಇದೇ ಉತ್ತರ ಬರುತ್ತದೆ. ಸಿಕ್ಕ ತಪ್ಪುಗಳಿಗೆ ಸರಾಸರಿ 2ರ ಒಂದು ಪ್ವಾಸೋನ್, ಉಳಿದವುಗಳಿಗೆ ಸರಾಸರಿ 1ರ ಇನ್ನೊಂದು ಪ್ವಾಸೋನ್. ಇವೆರಡಕ್ಕೂ ಪರಸ್ಪರ ಮಾತುಕತೆಯೇ ಇಲ್ಲ. ನನಗೆ ಎಷ್ಟು ಸಿಕ್ಕಿತೆಂಬುದು ಎಷ್ಟು ಉಳಿಯಿತೆಂಬುದನ್ನು ಹೇಳುವುದೇ ಇಲ್ಲ.

ಈ ಮಾತನ್ನು ಒಪ್ಪಿಕೊಳ್ಳಲು ನನಗೆ ಮೂರು ದಿನ ಹಿಡಿಯಿತು. ಒಪ್ಪಿಕೊಂಡ ಮೇಲೆ ಉಪನ್ಯಾಸಕರು ಇನ್ನೊಂದು ಪೆಟ್ಟು ಕೊಟ್ಟರು: “ಗುರುಗಳೇ, ಇದು ಸರಾಸರಿ ಮೊದಲೇ ತಿಳಿದಿದ್ದರೆ. ನಿಮ್ಮ ಸಂಚಿಕೆಯಲ್ಲಿ ಪುಟಕ್ಕೆ ಸರಾಸರಿ ಎಷ್ಟು ತಪ್ಪೆಂದು ಯಾರಿಗೆ ಗೊತ್ತಿತ್ತು? ಗೊತ್ತಿಲ್ಲದಿದ್ದಾಗ ಹೆಚ್ಚು ಸಿಕ್ಕಿತೆಂದರೆ ಸರಾಸರಿಯೇ ದೊಡ್ಡದೆಂದು ಅರ್ಥ. ಆಗ ಉಳಿದದ್ದೂ ಹೆಚ್ಚೇ.” ಅಂಟಿನ ಬಟ್ಟಲಿನ ಮುಂದೆ ಅವರು ಆಡಿದ್ದ ಮಾತಿನ ಅರ್ಥ ನನಗೆ ಆಗ ತಿಳಿಯಿತು.

ನನ್ನ ಕಣ್ಣಿನ ಶಕ್ತಿ ಎಷ್ಟೆಂಬುದನ್ನು ತಿಳಿಯುವ ಬಗೆ ಹೇಗೆ? ಅದಕ್ಕೊಂದು ಸೊಗಸಾದ ಉಪಾಯವನ್ನು, ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಜಾರ್ಜ್ ಪೋಲ್ಯಾ ಎಂಬ ಗಣಿತಜ್ಞನು ತನ್ನ ಎಂಬತ್ತು ದಾಟಿದ ವಯಸ್ಸಿನಲ್ಲಿ, 1976ರಲ್ಲಿ, ಒಂದು ಚಿಕ್ಕ ಟಿಪ್ಪಣಿಯಲ್ಲಿ ಬರೆದಿದ್ದಾನೆ. ಒಂದೇ ಕರಡನ್ನು ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಓದಬೇಕು. ಒಬ್ಬರಿಗೆ ಸಿಕ್ಕಿದ್ದನ್ನು ಇನ್ನೊಬ್ಬರಿಗೆ ಸಿಕ್ಕಿದ್ದರಿಂದ ಗುಣಿಸಿ, ಇಬ್ಬರಿಗೂ ಸಿಕ್ಕಿದ್ದರಿಂದ ಭಾಗಿಸಿದರೆ ಒಟ್ಟು ತಪ್ಪುಗಳ ಅಂದಾಜು ದೊರೆಯುತ್ತದೆ. ಕೆರೆಯಲ್ಲಿ ಮೀನು ಹಿಡಿದು, ಗುರುತು ಹಾಕಿ ಬಿಟ್ಟು, ಮತ್ತೆ ಬಲೆ ಬೀಸಿ ಎಣಿಸುವವರ ಕ್ರಮವೂ ಇದೇ.

ಈ ವರ್ಷ ಹಾಗೆಯೇ ಮಾಡಿದೆವು. ಸಂಚಿಕೆ ಈ ಸಲವೂ 160 ಪುಟ. ಗಣಕಯಂತ್ರದಲ್ಲಿ ಅಕ್ಷರ ಜೋಡಿಸಿದವರು ಹೊಸಬರು, ಬಲು ಜಾಗರೂಕರು. ನನಗೆ 72 ತಪ್ಪುಗಳು ಮಾತ್ರ ಸಿಕ್ಕಿದವು. ಹಳೆಯ ಅಭ್ಯಾಸಬಲದಿಂದ ‘ಇಷ್ಟೇ ಏನು?’ ಎಂದು ಸ್ವಲ್ಪ ಪೆಚ್ಚಾದೆನೆಂಬುದನ್ನೂ ಮುಚ್ಚಿಡುವುದಿಲ್ಲ. ಉಪನ್ಯಾಸಕರಿಗೆ ಸಿಕ್ಕಿದವು 54. ಇಬ್ಬರಿಗೂ ಸಿಕ್ಕವು 48. ಗುಣಿಸಿ ಭಾಗಿಸಿದಾಗ ಒಟ್ಟು 81, ನಾವಿಬ್ಬರೂ ಸೇರಿ ಕಂಡದ್ದು 78, ಉಳಿದದ್ದು 3. ಅವರಿಗೆ ಸಿಕ್ಕ 54ರಲ್ಲಿ ನನಗೂ ಸಿಕ್ಕವು 48 ಆದ್ದರಿಂದ ನನ್ನ ಶಕ್ತಿ ಒಂಬತ್ತರಲ್ಲಿ ಎಂಟು. ಅದೇ ಕ್ರಮದಿಂದ ಅವರದು ಮೂರರಲ್ಲಿ ಎರಡು. ವ್ಯಾಕರಣ ಪಾಠ ಹೇಳಿದವನಿಗೂ ಕೇಳಿದವನಿಗೂ ಅಷ್ಟು ಅಂತರವಿರುವುದು ಸಹಜವೇ. ಆದರೆ ಅವರಿಗೆ ಸಿಕ್ಕಿ ನನಗೆ ತಪ್ಪಿಹೋದ ಆರರಲ್ಲಿ ಎರಡು ಈ ನನ್ನ ಲೇಖನದ ಮೊದಲ ಕರಡಿನಲ್ಲಿಯೇ ಇದ್ದವು. ತಾನು ಬರೆದದ್ದನ್ನು ತಾನೇ ಓದುವವನು ಅಕ್ಷರವನ್ನು ಓದುವುದಿಲ್ಲ, ತನ್ನ ಆಶಯವನ್ನು ಓದುತ್ತಾನೆ.

ಒಂಬತ್ತರಲ್ಲಿ ಎಂಟು ಎಂಬ ಅಳತೆಗೋಲು ಕೈಗೆ ಬಂದ ಕೂಡಲೇ ನಾನು ಕಳೆದ ವರ್ಷದ ಸಂಚಿಕೆಯನ್ನು ಅದರಿಂದ ಅಳೆದೆ. 216 ಸಿಕ್ಕಿದ್ದರೆ ಉಳಿದದ್ದು ಅದರ ಎಂಟನೆಯ ಒಂದು ಪಾಲು, ಸುಮಾರು 27. ಹದಿನಾರು ಪುಟದ ಒಂದು ಫಾರಮ್ಮಿಗೆ 2.7, ಒಂದು ಫಾರಂ ಸಂಪೂರ್ಣ ನಿರ್ದೋಷವಾಗಿರುವ ಸಂಭವ ನೂರಕ್ಕೆ 7ಕ್ಕಿಂತ ಕಡಿಮೆ. ಫಾರಮ್ಮುಗಳು ಹತ್ತು, ಹತ್ತರಲ್ಲಿ ಒಂದೂ ನಿರ್ದೋಷವಾಗಿಲ್ಲದಿರುವ ಸಂಭವ ದ್ವಿಪದದ ಪ್ರಕಾರ ಹೆಚ್ಚುಕಡಿಮೆ ಅರ್ಧ. ದಾನಿಗಳ ಪಟ್ಟಿ ನಾಲ್ಕು ಪುಟಗಳದು. ಪುಟಕ್ಕೆ 0.169ರಂತೆ ನಾಲ್ಕಕ್ಕೆ 0.675, ಅಲ್ಲಿ ಒಂದಾದರೂ ತಪ್ಪು ಉಳಿದಿರುವ ಸಂಭವ ನೂರಕ್ಕೆ 49. ‘ಇನ್ನೇನು ಉಳಿದಿರಲು ಸಾಧ್ಯ?’ ಎಂದು ನಾನು ಕೇಳಿದ ಪ್ರಶ್ನೆಗೆ ಇದು ಉತ್ತರ. ಆ ತಾಯಿ ಎರಡು ದಿನ ಉಪವಾಸವಿದ್ದದ್ದನ್ನು ನಾನು ದೈವಯೋಗವೆಂದು ಎಣಿಸಿಕೊಂಡಿದ್ದೆ. ನಾಣ್ಯವನ್ನು ಚಿಮ್ಮಿ ರಾಜನೋ ರಾಣಿಯೋ ಎಂದು ನೋಡುವಷ್ಟು ಸುಲಭವಾಗಿ ಒದಗಬಹುದಾದ ತಪ್ಪಿನ ಮೇಲೆ ಒಬ್ಬರ ಹೆಸರನ್ನು ಪಣವಿಟ್ಟಿದ್ದೆನೆಂಬುದು ಈಗ ತಿಳಿಯಿತು. ಆ ನಾಲ್ಕು ಪುಟಗಳನ್ನಾದರೂ ಇನ್ನೊಬ್ಬರ ಕೈಗೆ ಕೊಟ್ಟಿದ್ದರೆ? ಮೂರರಲ್ಲಿ ಎರಡು ಹಿಡಿಯುವ ಸಾಧಾರಣ ಕಣ್ಣೊಂದು ನೋಡಿದ್ದರೂ ಸರಾಸರಿ 0.225ಕ್ಕೆ ಇಳಿದು, 49ರ ಬದಲು ಸುಮಾರು 20 ಆಗುತ್ತಿತ್ತು.

ಲೆಕ್ಕದ ಮೇಲೆ ಕುರುಡು ವಿಶ್ವಾಸ ಸಲ್ಲದೆಂದು ಕಲಿಸಿದವರೂ ಆ ಉಪನ್ಯಾಸಕರೇ. ಈ ಸಲ ಹಳೆಯ ಲಿಪಿವಿನ್ಯಾಸದಲ್ಲಿ ಬಂದಿದ್ದ ಒಂದು ಲೇಖನವನ್ನು ಹೊಸದಕ್ಕೆ ಪರಿವರ್ತಿಸಿದಾಗ ಅದರ ಉದ್ದಕ್ಕೂ ಅರ್ಕಾವತ್ತು ತನ್ನ ಸ್ಥಾನವನ್ನು ಬಿಟ್ಟು ಪಕ್ಕದ ಅಕ್ಷರಕ್ಕೆ ಹೋಗಿ ಕುಳಿತಿತ್ತು. ಅವೆಲ್ಲವನ್ನೂ ಎಣಿಸಿ ನನ್ನ ಮೊತ್ತಕ್ಕೆ ಸೇರಿಸಲು ಹೊರಟ ನನ್ನನ್ನು ಅವರು ತಡೆದರು. ಒಂದು ತಪ್ಪು ಇನ್ನೊಂದನ್ನು ಕೈಹಿಡಿದು ಕರೆತರುವಲ್ಲಿ ಪ್ವಾಸೋನನಿಗೆ ಪ್ರವೇಶವಿಲ್ಲ. ಅಲ್ಲಿರುವುದು ನೂರು ತಪ್ಪಲ್ಲ, ನೂರು ಕಡೆ ಕಾಣಿಸಿದ ಒಂದೇ ತಪ್ಪು. ಹಾಗೆಯೇ ಬೆಳಗಿನ ಕಣ್ಣಿಗೂ ರಾತ್ರಿ ಹತ್ತರ ಮೇಲಿನ ಕಣ್ಣಿಗೂ ಒಂದೇ ಶಕ್ತಿಯಿರುವುದಿಲ್ಲ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ: ಶೀರ್ಷಿಕೆಯ ದೊಡ್ಡಕ್ಷರದಲ್ಲಿ ತಪ್ಪಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಬ್ಬರೂ ಒಂದೇ ಜಾಗದಲ್ಲಿ ಕುರುಡಾದರೆ ಪೋಲ್ಯಾನ ಅಂದಾಜು ವಾಸ್ತವಕ್ಕಿಂತ ಕಡಿಮೆಯಾಗುತ್ತದೆ. ಆದ್ದರಿಂದ ನಮ್ಮ 3 ಎಂಬುದು ಕನಿಷ್ಠವೆಂದೇ ಭಾವಿಸಿದ್ದೇವೆ.

ದಾನಿಗಳ ಪಟ್ಟಿಗೆ ಮೂರನೆಯ ಕಣ್ಣೊಂದು ಬೇಕೆನಿಸಿತು. ಯಾರನ್ನು ಕೇಳುವುದೆಂದು ಹೆಚ್ಚು ಆಲೋಚಿಸಬೇಕಾಗಲಿಲ್ಲ. ಆ ಹಿರಿಯರಿಗೆ ದೂರವಾಣಿಯಲ್ಲಿ ಸಂಕೋಚದಿಂದಲೇ ವಿನಂತಿಸಿಕೊಂಡೆ. ಮರುದಿನವೇ ಬಂದರು, ಈ ಸಲ ಜೊತೆಯಲ್ಲಿ ಅವರ ಧರ್ಮಪತ್ನಿಯವರೂ ಇದ್ದರು. ಕಾರ್ಯಾಲಯದ ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು, ಭೂತಗನ್ನಡಿ ಹಿಡಿದು, ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಓದಿದರು. ಆ ತಾಯಿ ಪಕ್ಕದಲ್ಲಿ ಕುಳಿತು ಪ್ರತಿಯೊಂದು ಊರಿನ ಹೆಸರನ್ನೂ ಕೇಳಿಸಿಕೊಂಡು ಹೂಂಗುಟ್ಟುತ್ತಿದ್ದರು. ಮೂರನೆಯ ಪುಟದಲ್ಲಿ ಅವರೇ ತಡೆದು, “ಆ ಊರು ಹಂಗಲ್ಲ, ಅದು ನನ್ನ ತವರಿನ ಮಗ್ಗಲ ಊರು” ಎಂದರು. ನೋಡಿದರೆ ದೀರ್ಘವಾಗಿರಬೇಕಾದದ್ದು ಹ್ರಸ್ವವಾಗಿತ್ತು. ವಿದ್ವಾನನೂ ಸಂಖ್ಯಾಶಾಸ್ತ್ರಜ್ಞರೂ ಎರಡು ಸಲ ದಾಟಿಹೋಗಿದ್ದ ಜಾಗ ಅದು.

ನಾಳೆ ಈ ಹಾಳೆಗಳು ಅಚ್ಚಿಗೆ ಹೋಗುತ್ತವೆ. ಲೆಕ್ಕದ ಪ್ರಕಾರ ಇನ್ನೂ ಎರಡು ತಪ್ಪುಗಳಾದರೂ ಇದರೊಳಗಿವೆ. ಅದು ಅಂದಾಜೇ ಹೊರತು ಭರವಸೆಯಲ್ಲ. ಕಂಡ ಮಹನೀಯರು ಪುಟವನ್ನೂ ಸಾಲನ್ನೂ ಗುರುತಿಸಿ ಶಾಲೆಯ ಕಾರ್ಯಾಲಯಕ್ಕೆ ಒಂದು ಕಾಗದ ಬರೆಯಬೇಕೆಂದು ಪ್ರಾರ್ಥಿಸುತ್ತೇನೆ. ಬೇರೆ ಯಾರಾದರೂ ಆಗಲೇ ಬರೆದಿರಬಹುದೆಂದು ಸುಮ್ಮನಿರಬಾರದು. ಇಬ್ಬರಿಗೆ ಸಿಕ್ಕ ತಪ್ಪಿನಿಂದಲೇ ನಮ್ಮ ಲೆಕ್ಕ ನಡೆಯಬೇಕಾಗಿದೆ.